ದಿನಕ್ಕೊಂದೇ ಸಲ ಸುದ್ದಿ: ಕೋವಿಡ್ ಕಾಲದ ನನ್ನ ಅನುಭವ

ಶಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುದ್ದಿ ಕೊಡುತ್ತಿದ್ದ ನಾನು ಕೋವಿಡ್ ವಿಷಯವನ್ನು ದಿನಕ್ಕೊಂದೇ ಸಲ, ರಾತ್ರಿ ಎಂಟೂವರೆಗೆ ಹಾಕುತ್ತೇನೆಂದಾಗ, ತುಮಕೂರಿನ ಪತ್ರಕರ್ತ ಮಿತ್ರರು ‘ಮೂರು ತಿಂಗಳಲ್ಲಿ ಬಾಗಿಲು ಹಾಕುತ್ತೀರಿ’ ಎಂದು ನಕ್ಕಿದ್ದರು. ಅದೇ ಮಿತ್ರರಲ್ಲಿ ಇಬ್ಬರು ಈಗ ನನ್ನ ಮಾದರಿಯನ್ನೇ ಅನುಸರಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

2020ರ ಮಾರ್ಚ್ 27ರಂದು ಜಿಲ್ಲೆಯ ಮೊದಲ ಕೋವಿಡ್ ಸಾವು ವರದಿಯಾದ ಮೇಲೆ ವದಂತಿಗಳಿಗೆ ಲಗಾಮೇ ಇರಲಿಲ್ಲ. ಸುಳ್ಳು ಸಂದೇಶದ ಚಿತ್ರದ ಮೇಲೆ ಕೆಂಪು ಮುದ್ರೆ ಒತ್ತಿ ಹಂಚಿ ನೋಡಿದೆವು. ಯಾರೋ ಮುದ್ರೆಯ ಭಾಗವನ್ನು ಕತ್ತರಿಸಿ, ನಮ್ಮ ಲಾಂಛನವನ್ನು ಮಾತ್ರ ಉಳಿಸಿ, ಅದನ್ನೇ ಮತ್ತೆ ಹರಿಬಿಟ್ಟರು. ಆ ಏಪ್ರಿಲ್‌ನಲ್ಲಿ, ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಕಳಿಸುವಂತೆ ವಾಟ್ಸ್‌ಆ್ಯಪ್ ಮಿತಿ ಹಾಕಿತು. ಜನ ಅದನ್ನು ನಕಲು ಮಾಡಿ ಅಂಟಿಸತೊಡಗಿದರು, ಫಾರ್ವರ್ಡ್‌ನ ಜೋಡಿ ಬಾಣದ ಗುರುತೂ ಹೋಯಿತು.

ಕೊನೆಗೆ ನಿಂತದ್ದು ಬರೀ ಅಕ್ಷರದ ಸಂದೇಶ. ರಾಜ್ಯದ ಬುಲೆಟಿನ್ ಸಂಖ್ಯೆ, ತಾಲ್ಲೂಕು ಆರೋಗ್ಯಾಧಿಕಾರಿಗಳು ಹೇಳಿದ ಸಂಖ್ಯೆ, ಇನ್ನೂ ಖಚಿತವಾಗದ ಸಂಗತಿ, ಇಷ್ಟೇ. ಎರಡು ಸಂಖ್ಯೆಗಳು ತಾಳೆಯಾಗದಿದ್ದರೆ ಎಣಿಕೆಯ ಹೊತ್ತಿನೊಂದಿಗೆ ಎರಡನ್ನೂ ಹಾಕುತ್ತಿದ್ದೆ. ತಿದ್ದುಪಡಿ ಮರುದಿನದ ಮೊದಲ ಸಾಲಿನಲ್ಲೇ ಬರುತ್ತಿತ್ತು.

ನಂಬಿಕೆ ಗಟ್ಟಿಯಾದದ್ದು ಲಸಿಕೆಯ ದಿನಗಳಲ್ಲಿ. 2021ರ ಮೇ 13ರಂದು ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರವನ್ನು 6–8 ವಾರಗಳಿಂದ 12–16 ವಾರಗಳಿಗೆ ಹೆಚ್ಚಿಸಿದಾಗ, ‘ಲಸಿಕೆ ಇಲ್ಲದ್ದಕ್ಕೆ ಈ ನಾಟಕ’ ಎಂಬ ಮಾತು ಹಬ್ಬಿತು. ನಾನು ಯಾರ ಪರವಾಗಿಯೂ ವಾದಿಸದೆ, ತಜ್ಞರ ಸಮಿತಿ ಕೊಟ್ಟ ಕಾರಣವನ್ನೂ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಂದು ಉಳಿದಿದ್ದ ಡೋಸ್‌ಗಳನ್ನೂ ಒಟ್ಟಿಗೇ ಹಾಕಿದೆ. ಕೆಲವೆಡೆ ಆ ಲೆಕ್ಕ ಸೊನ್ನೆಯಾಗಿತ್ತು. ಸೊನ್ನೆ ಎಂದೇ ಬರೆದೆ. ಬೇರೆಯವರು ಮಧ್ಯಾಹ್ನ ಪಡೆಯುತ್ತಿದ್ದ ಆ ಲೆಕ್ಕ ನನಗೆ ಬೆಳಿಗ್ಗೆ ಏಳಕ್ಕೇ ಹೇಗೆ ಸಿಗುತ್ತಿತ್ತೆಂಬುದನ್ನು ಇಲ್ಲಿ ಬಿಡಿಸಿ ಹೇಳಲಾರೆ, ಆ ದಾರಿ ಇಂದಿಗೂ ಉಪಯೋಗದಲ್ಲಿದೆ.

ಹಣದ ಮಾತು ಬೇರೆ. ತಿಂಗಳಿಗೆ ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿದ್ದ ಜಾಹೀರಾತಿನ ಆದಾಯ ಎಂಟು ಸಾವಿರಕ್ಕಿಳಿಯಿತು. ಕೊರೊನಾ ಗುಣಪಡಿಸುವ ಕಷಾಯವೆಂದು ಮಾರುತ್ತಿದ್ದವರೊಬ್ಬರು ಹದಿನೈದು ಸಾವಿರ ಕೊಡಲು ಬಂದಿದ್ದರು, ವಾಪಸ್ ಕಳಿಸಿದೆ. ನನ್ನ ಹೆಂಡತಿ ಮಾಸ್ಕ್ ಹೊಲಿದು ಗಳಿಸಿದ್ದರಿಂದ ಮನೆ ನಡೆಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ನಡುವೆ ಪಾವಗಡದ ತೆಲುಗು ಮನೆಮಾತಿನವರಿಗಾಗಿ ಒಂದೂವರೆ ನಿಮಿಷದ ಧ್ವನಿ ಸಂದೇಶವನ್ನೂ ಪ್ರಯತ್ನಿಸಿದೆ. ನನ್ನ ಧ್ವನಿಯಲ್ಲಿದ್ದಾಗ ಕೇಳುವವರಿರಲಿಲ್ಲ. ಊರಿನ ಆಶಾ ಕಾರ್ಯಕರ್ತೆಯೇ ಮಾತನಾಡಿದ ಮೇಲೆ ಪಕ್ಕದ ಆಂಧ್ರದ ಹಳ್ಳಿಗಳಿಂದಲೂ ಕೇಳಿ ತರಿಸಿಕೊಂಡರು. ಎರಡನೇ ಅಲೆ ಇಳಿಯುವ ಹೊತ್ತಿಗೆ ದಿನಕ್ಕೆ ನಲವತ್ತು–ಐವತ್ತು ಮಂದಿ, ಬಂದ ಸಂದೇಶವನ್ನು ಹಂಚುವ ಮುನ್ನವೇ ನನಗೆ ಕಳಿಸಿ ‘ಇದು ನಿಜವೇ ಸಾರ್?’ ಎಂದು ಕೇಳತೊಡಗಿದ್ದರು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗಲೂ ಇದೇ ಕ್ರಮವನ್ನು ಬಳಸಿದೆ. ಬದಲಾಯಿಸಿದ್ದು ಸಮಯವೊಂದನ್ನೇ: ತೊಟ್ಟಿ ತೊಳೆಯಿರಿ ಎಂಬ ಮಾತು ರಾತ್ರಿ ತಲುಪಿದರೆ ಪ್ರಯೋಜನವಿಲ್ಲದ ಕಾರಣ, ನಲ್ಲಿ ನೀರು ಬರುವ ಮುನ್ನ ಬೆಳಿಗ್ಗೆಯೇ ಹಾಕುತ್ತೇನೆ.