ಅಜ್ಜಿ ‘ಎಂತ ಇಲ್ಲ’ ಅಂದರೆ ನಂಬಬೇಡಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೈವಳಿಕೆ ಕಡೆಯ ಹಿರಿಯರನ್ನು ನೋವಿದೆಯಾ ಅಂತ ಕೇಳಿ ನೋಡಿ. ‘ಎಂತ ಇಲ್ಲ ಮಗಾ’ ಅನ್ನುತ್ತಾರೆ. ನನ್ನ ಅತ್ತೆಯೂ ಹಾಗೇ ಅನ್ನುತ್ತಿದ್ದರು. ಆದರೆ ಮಗ್ಗುಲು ಬದಲಿಸುವಾಗ ಮಂಚದ ಅಂಚನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು.

ಹಾಗಾಗಿ ಮೊದಲು ಕೇಳುವ ರೀತಿ ಬದಲಿಸಿ. ‘ರಾತ್ರಿ ಎಷ್ಟು ಸಲ ಎಚ್ಚರ ಆಯ್ತು?’ ಅನ್ನಿ. ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಅಂತ ನರ್ಸ್ ಕೇಳುವುದುಂಟು. ಅತ್ತೆಗೆ ಅದು ತಲೆಗೆ ಹತ್ತಲಿಲ್ಲ. ‘ಹದಿನಾರಾಣೆಯಲ್ಲಿ ಎಷ್ಟಾಣೆ?’ ಅಂದೆ. ‘ಹನ್ನೆರಡಾಣೆ’ ಅಂತ ತಟ್ಟನೆ ಬಂತು ಉತ್ತರ!

ಮರೆವಿನ ಕಾಯಿಲೆ ಇದ್ದವರಲ್ಲಿ ಮಾತು ನಂಬಿ ಕೂರುವ ಹಾಗಿಲ್ಲ. ಹುಬ್ಬು ಗಂಟಿಕ್ಕುವುದು, ನರಳುವುದು, ಮುಷ್ಟಿ ಬಿಗಿಯುವುದು, ಉಸಿರು ಜೋರಾಗುವುದು, ಸವರಿದರೂ ಸಮಾಧಾನ ಆಗದಿರುವುದು, ಇವನ್ನು ನೋಡಿ.

ಒಂದು ನೋಟ್‌ಬುಕ್ ಇಡಿ. ನೋವು ಎಲ್ಲಿ, ಯಾವ ಹೊತ್ತಿಗೆ, ಮಾತ್ರೆ ಕೊಟ್ಟ ಮೇಲೆ ಎಷ್ಟು ಗಂಟೆ ತಡೆಯಿತು, ಇಷ್ಟು ಬರೆದರೆ ಸಾಕು.

ಆಮೇಲೆ ಆಶಾ ಕಾರ್ಯಕರ್ತೆಗೋ ವಾರ್ಡ್ ಮೆಂಬರಿಗೋ ತಿಳಿಸಿ. ಕೇರಳದಲ್ಲಿ 2008ರಿಂದಲೇ ಪಾಲಿಯೇಟಿವ್ ನೀತಿ, ಅಂದರೆ ನೋವು ತಗ್ಗಿಸಿ ಆರೈಕೆ ಮಾಡುವ ನೀತಿ, ಇದೆ. ಪಂಚಾಯತ್ ವತಿಯಿಂದ ನರ್ಸ್ ಮನೆಗೇ ಬರುತ್ತಾರೆ. ಕ್ಯಾನ್ಸರ್ ಇದ್ದವರಿಗೆ ಮಾತ್ರ ಅಂತ ಸುಮ್ನೆ ಕೂರಬೇಡಿ. ಪಕ್ಷವಾತ, ಕಿಡ್ನಿ ತೊಂದರೆ, ವಯಸ್ಸಾಗಿ ಹಾಸಿಗೆ ಹಿಡಿದವರಿಗೂ ಇದು ಸಿಗುತ್ತದೆ.

ನಮ್ಮಲ್ಲಿ ಎಡವುವುದು ಇಲ್ಲೇ. ನರ್ಸ್ ಮಲಯಾಳದಲ್ಲಿ ಕೇಳುತ್ತಾರೆ, ಅಜ್ಜಿ ಕನ್ನಡದಲ್ಲಿ ಹೇಳುತ್ತಾರೆ, ನಡುವೆ ನಿಂತ ಮೊಮ್ಮಗ ಎಲ್ಲದಕ್ಕೂ ‘ವೇದನ’ ಅಂದು ಮುಗಿಸುತ್ತಾನೆ. ಉರಿ ಆದರೆ ‘ಪುಗಚ್ಚಿಲ್’, ಜುಮ್ಮೆನ್ನುವುದಾದರೆ ‘ತರಿಪ್ಪ್’ ಅಂತಲೇ ಹೇಳಬೇಕು. ಉರಿ, ಜುಮ್ಮು ಹೆಚ್ಚಾಗಿ ನರದ ನೋವಿನ ಗುರುತು. ಅದಕ್ಕೆ ಕೊಡುವ ಮಾತ್ರೆಯೇ ಬೇರೆ.

ಮಾತ್ರೆ ಗಡಿಯಾರ ನೋಡಿ ಕೊಡಿ, ನರಳುವ ತನಕ ಕಾಯಬೇಡಿ. ಮೆಡಿಕಲ್‌ನಿಂದ ನೀವೇ ನೋವಿನ ಮಾತ್ರೆ ತಂದು ನುಂಗಿಸಬೇಡಿ. ಅಂಥ ಹಲವು ಮಾತ್ರೆ ವಯಸ್ಸಾದವರ ಕಿಡ್ನಿಗೆ ಕುತ್ತು, ಹೊಟ್ಟೆಯಲ್ಲಿ ರಕ್ತಸ್ರಾವವೂ ಆಗಬಹುದು. ಜೋರು ನೋವಿಗೆ ಕೊಡುವ ಬಲವಾದ ಮದ್ದು ಮಾರ್ಫಿನ್ ಅಂದರೆ ಮನೆಯವರು ಬೆಚ್ಚುತ್ತಾರೆ. ಡಾಕ್ಟರ್ ಅಳತೆ ನೋಡಿ ಕೊಟ್ಟದ್ದಕ್ಕೆ ಹೆದರಬೇಕಾಗಿಲ್ಲ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಗುಣ ಸುಮಾರು 4 ಗಂಟೆ ನಿಲ್ಲುತ್ತದೆ. ಮಲಬದ್ಧತೆ ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತದೆ, ಆದ್ದರಿಂದ ಅದಕ್ಕೂ ಮದ್ದು ಮೊದಲ ದಿನವೇ ಕೇಳಿ ಪಡೆಯಿರಿ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಡಾಕ್ಟರಿಗೋ ನರ್ಸ್‌ಗೋ ಫೋನ್ ಮಾಡಿ.

ಸ್ನಾನ ಮಾಡಿಸುವ ಅರ್ಧ ಗಂಟೆ ಮೊದಲೇ ಮಾತ್ರೆ ಬೀಳುವ ಹಾಗೆ ಹೊತ್ತು ಹೊಂದಿಸಿಕೊಳ್ಳಿ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮೊಣಕಾಲುಗಳ ನಡುವೆ ತಲೆದಿಂಬು ಇಡಿ. ಉಳಿದ ಮಾರ್ಫಿನ್ ಮಾತ್ರೆ ಪಕ್ಕದ ಮನೆಯವರು ಕೇಳಿದರೂ ಕೊಡಬೇಡಿ, ಎಣಿಸಿ ನರ್ಸ್ ಕೈಗೇ ವಾಪಸ್ ಕೊಡಿ.