ಮಾಂಟೂ ಟೆಸ್ಟ್‌ಗೆ ಎರಡು ದಿನ ಯಾಕೆ ಬೇಕು

"ಸೋಮವಾರ ಚುಚ್ಚಿ ಬುಧವಾರ ಮತ್ತೆ ಬನ್ನಿ ಅಂದ್ರೆ ಹೇಗೆ ತಮ್ಮಾ? ರಕ್ತ ತೆಗೆದು ಸಂಜೆಗೇ ಹೇಳೂಕೆ ಆಗುದಿಲ್ವಾ?"

ಬೈತಖೋಲದಿಂದ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಅಕ್ಕ ಕೇಳಿದ ಪ್ರಶ್ನೆ ಇದು. ಮನೆಯಲ್ಲಿ ಅಜ್ಜನಿಗೆ ಕ್ಷಯ ಅಂತ ಗೊತ್ತಾಗಿತ್ತು. ಕ್ಷಯದ ರೋಗಾಣು ಹುಡುಗನ ಮೈಗೂ ಹೊಕ್ಕಿದೆಯಾ ಅಂತ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಟೆಸ್ಟ್ ಮಾಡಿಸಿ ಅಂತ ಡಾಕ್ಟರ್ ಬರೆದುಕೊಟ್ಟಿದ್ದರು. ಎರಡನೇ ಸಲ ಬರಬೇಕು ಅಂದರೆ ಆಕೆಗೆ ಇನ್ನೊಂದು ದಿನದ ಮೀನು ವ್ಯಾಪಾರ ಹೋದಂತೆ. ಹಾಗಾಗಿ ನ್ಯಾಯವಾದ ಪ್ರಶ್ನೆಯೇ.

ಕಾರವಾರದಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ಹತ್ತಿರ ಇದಕ್ಕೆ ಸರಿಯಾದ ಉತ್ತರ ಇರಲಿಲ್ಲ. ಕೈಗೆ ಕೆಲಸ ಗೊತ್ತಿತ್ತು. ಮುಂಗೈಯ ಒಳಭಾಗದಲ್ಲಿ, ಸಣ್ಣ ಸೂಜಿಯ ಓರೆ ಬಾಯಿ ಮೇಲಕ್ಕಿರುವಂತೆ ಹಿಡಿದು, ಚರ್ಮದ ಪದರದೊಳಗೇ 0.1 ಮಿ.ಲೀ. ಟ್ಯುಬರ್ಕ್ಯುಲಿನ್, ಅಂದರೆ ಕ್ಷಯದ ರೋಗಾಣುವಿನಿಂದ ತೆಗೆದ ಪ್ರೋಟೀನ್, ಬಿಡಬೇಕು. ಆಗ 6ರಿಂದ 10 ಮಿ.ಮೀ. ಅಗಲದ ಬಿಳಿ ಗುಳ್ಳೆ ಏಳುತ್ತದೆ. ಏಳಲಿಲ್ಲ ಅಂದರೆ ಮದ್ದು ಆಳಕ್ಕೆ ಹೋಗಿದೆ ಅಂತ ಅರ್ಥ, ಬೇರೆ ಜಾಗದಲ್ಲಿ ಮತ್ತೆ ಹಾಕಬೇಕು. 48ರಿಂದ 72 ಗಂಟೆಯೊಳಗೆ ಆ ಜಾಗದ ಗಟ್ಟಿ ಊತ ಅಳೆದು ಫಲಿತಾಂಶ ಓದಬೇಕು. ಯಾಕೆ ಅಂತ ನಾನೂ ಕೇಳಿಕೊಂಡಿರಲಿಲ್ಲ.

ಒಂದು ತಪ್ಪಿನಿಂದಾಗಿ ಓದಲು ಕೂತೆ. ಒಬ್ಬ ಹುಡುಗಿಯ ಕೈಯಲ್ಲಿ ಕೆಂಪು ಚೆನ್ನಾಗಿ ಹರಡಿತ್ತು. ಆ ಕೆಂಪನ್ನೇ ಅಳೆದು 16 ಅಂತ ಬರೆದುಬಿಟ್ಟೆ. ರಿಪೋರ್ಟ್ ಹೊರಗೆ ಹೋಗುವ ಮೊದಲು ನಮ್ಮ ಹಿರಿಯ ಟೆಕ್ನಿಷಿಯನ್ ಅವಳ ಕೈ ಮುಟ್ಟಿ ನೋಡಿದರು. ಗಟ್ಟಿಯಾಗಿದ್ದದ್ದು 6 ಮಿ.ಮೀ. ಮಾತ್ರ. "ಕಣ್ಣಲ್ಲಿ ಅಳೀಬೇಡ, ಬೆರಳಲ್ಲಿ ಅಳಿ" ಅಂದರು. ಕೆಂಪು ಅಂದರೆ ಅಲ್ಲಿ ರಕ್ತನಾಳ ಹಿಗ್ಗಿದೆ, ಅಷ್ಟೇ. ಗಟ್ಟಿ ಅಂದರೆ ಅಲ್ಲಿ ಜೀವಕೋಶಗಳೇ ಬಂದು ಗುಂಪುಗೂಡಿವೆ. ಅವನ್ನು ಕರೆಸಿದ್ದು ಟಿ ಕೋಶ, ಅಂದರೆ ರೋಗಾಣು ಗುರುತಿಸುವ ಒಂದು ಬಗೆಯ ಬಿಳಿ ರಕ್ತಕಣ.

ಅಕ್ಕನಿಗೆ ನಾನು ಹೇಳಿದ್ದು ಹೀಗೆ. "ಇಡೀ ಇಸ್ವಾಣ ಮೀನು ನೋಡಿ ಗುರುತು ಹಿಡಿಯೋದು ಎಲ್ಲರಿಗೂ ಬರುತ್ತೆ. ನಿಮಗೆ ಕೊಯ್ದಿಟ್ಟ ಒಂದು ತುಂಡು ಸಾಕು, ಅಲ್ವಾ?" ಆಕೆ ತಲೆಯಾಡಿಸಿದರು. ರಕ್ತದಲ್ಲಿ ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನ್‌ಗಳಾದ ಪ್ರತಿಕಾಯಗಳು (ಆ್ಯಂಟಿಬಾಡಿ) ಇಡೀ ಮೀನು ನೋಡುವವರ ಥರ. ರೋಗಾಣುವಿನ ಹೊರಮೈಯನ್ನೇ ನೇರವಾಗಿ ಹಿಡಿಯುತ್ತವೆ. ಟಿ ಕೋಶಕ್ಕೆ ಹಾಗೆ ಕಾಣುವುದೇ ಇಲ್ಲ. ಅದಕ್ಕೆ ಯಾರಾದರೂ ಕೊಯ್ದು, ತಟ್ಟೆಯಲ್ಲಿಟ್ಟು ತೋರಿಸಬೇಕು.

ಕೊಯ್ಯುವ ಕೆಲಸ ಚರ್ಮದಲ್ಲಿರುವ ಡೆಂಡ್ರೈಟಿಕ್ ಕೋಶ, ಮ್ಯಾಕ್ರೋಫೇಜ್ ಅನ್ನುವ ಕಾವಲು ಕೋಶಗಳದ್ದು. ನಾವು ಚುಚ್ಚಿದ ಪ್ರೋಟೀನನ್ನು ಅವು ನುಂಗುತ್ತವೆ, ಒಳಗೆ ಚೂರು ಮಾಡುತ್ತವೆ. 13ರಿಂದ 25 ಅಮೈನೋ ಆಮ್ಲಗಳಷ್ಟು ಉದ್ದದ ಚೂರನ್ನು ಎಂಎಚ್‌ಸಿ ಅನ್ನುವ ಪ್ರೋಟೀನಿನ ತಟ್ಟೆಯಲ್ಲಿಟ್ಟು ತಮ್ಮ ಹೊರಮೈಗೆ ತರುತ್ತವೆ. ಟಿ ಕೋಶ ಚೂರನ್ನಷ್ಟೇ ನೋಡುವುದಿಲ್ಲ, ಚೂರು ಮತ್ತು ತಟ್ಟೆ ಎರಡನ್ನೂ ಒಟ್ಟಿಗೆ ನೋಡುತ್ತದೆ. ತಟ್ಟೆ ಬೇರೆಯವರದ್ದಾದರೆ ಅದೇ ಚೂರನ್ನೂ ಗುರುತಿಸುವುದಿಲ್ಲ. ಇದನ್ನು ವಿಜ್ಞಾನಿಗಳಾದ ಡೋಹರ್ಟಿ ಮತ್ತು ಜಿಂಕರ್‌ನಾಗೆಲ್ 1974ರಲ್ಲಿ ಇಲಿಗಳಲ್ಲಿ ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ನನಗೆ ಈಗಲೂ ಈ ಸಂಗತಿ ಓದಿದಾಗೆಲ್ಲ ಮೈ ಜುಮ್ಮೆನ್ನುತ್ತದೆ.

ಆ ಚೂರನ್ನು ಮೊದಲೇ ಕಂಡಿದ್ದ ಟಿ ಕೋಶಗಳು ಮೈಯಲ್ಲಿ ಕೆಲವೇ ಇರುತ್ತವೆ. ಅವು ಸುತ್ತಾಡುತ್ತಾ ಚುಚ್ಚಿದ ಜಾಗಕ್ಕೆ ಬರಬೇಕು, ಗುರುತಿಸಬೇಕು, ಇಂಟರ್‌ಫೆರಾನ್ ಗಾಮಾದಂಥ ಸಂದೇಶ ಬಿಡಬೇಕು, ಆಮೇಲೆ ಉಳಿದ ಕೋಶಗಳು ಬಂದು ಸೇರಬೇಕು. ಎರಡು ದಿನ ಹಿಡಿಯುವುದು ಇದಕ್ಕೇ. ರಕ್ತದ ನೀರಿನಲ್ಲಿ, ಅಂದರೆ ಸೀರಮ್‌ನಲ್ಲಿ, ಹುಡುಕಿದರೆ ಇದು ಸಿಗುವುದಿಲ್ಲ. 1945ರಲ್ಲಿ ಮೆರಿಲ್ ಚೇಸ್ ಅನ್ನುವ ವಿಜ್ಞಾನಿ ಗಿನಿಯಿಲಿಗಳಲ್ಲಿ ಅದನ್ನೇ ಕಂಡರು: ಟ್ಯುಬರ್ಕ್ಯುಲಿನ್‌ಗೆ ಸ್ಪಂದಿಸುವ ಗುಣ ಒಂದರಿಂದ ಇನ್ನೊಂದಕ್ಕೆ ದಾಟಿದ್ದು ಕೋಶಗಳ ಮೂಲಕ, ಸೀರಮ್ ಮೂಲಕ ಅಲ್ಲ.

ಇದು ಗೊತ್ತಾದ ಮೇಲೆ ನಾನು ಹೆಸರು ಬರೆದುಕೊಳ್ಳುವಾಗಲೇ ಜಾಸ್ತಿ ಪ್ರಶ್ನೆ ಕೇಳುತ್ತೇನೆ. ಮಗುವಿಗೆ ಇತ್ತೀಚೆಗೆ ದಡಾರ ಬಂದಿತ್ತಾ? ತೀರಾ ಸೊರಗಿದೆಯಾ? ಎಚ್‌ಐವಿ ಇದೆಯಾ? ಟಿ ಕೋಶಗಳೇ ಸೋತಿದ್ದರೆ ಕ್ಷಯದ ರೋಗಾಣು ಒಳಗಿದ್ದರೂ ಕೈ ಸುಮ್ನೆ ಇರುತ್ತದೆ. ಇನ್ನೊಂದು ಕಡೆ, ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯಿಂದಲೂ ಸ್ವಲ್ಪ ಗಟ್ಟಿಯಾಗಬಹುದು, ಯಾಕೆಂದರೆ ಲಸಿಕೆಯಲ್ಲೂ ಟ್ಯುಬರ್ಕ್ಯುಲಿನ್‌ನಲ್ಲೂ ಕೆಲವು ಚೂರುಗಳು ಒಂದೇ.

ಬುಧವಾರ ಅಕ್ಕ ಬಂದರು, ಮೀನು ಬುಟ್ಟಿಯನ್ನು ಬಾಗಿಲ ಹೊರಗೆ ಇಟ್ಟು. ಹುಡುಗನ ಕೈಯನ್ನು ಮೇಜಿನ ಮೇಲೆ ಚಾಚಿಸಿದೆ. ಬಾಲ್‌ಪೆನ್ನನ್ನು ಹೊರಗಿನಿಂದ ಮೆಲ್ಲಗೆ ಎಳೆಯುತ್ತಾ ಬಂದೆ. ಗಟ್ಟಿಯ ಅಂಚಿಗೆ ತಾಗಿ ಪೆನ್ನು ನಿಂತಿತು. ಆ ಕಡೆಯಿಂದಲೂ ಹಾಗೇ. ಎರಡು ಗೆರೆಗಳ ನಡುವೆ ಅಡ್ಡಕ್ಕೆ ಸ್ಕೇಲ್ ಇಟ್ಟೆ. 13 ಮಿ.ಮೀ.

"ತುಂಡು ಗುರುತು ಸಿಕ್ತಾ?" ಅಂದರು ಅಕ್ಕ.

"ಸಿಕ್ತು. ಅಂದ್ರೆ ರೋಗಾಣು ಇವನ ಮೈಗೆ ಹೊಕ್ಕಿರಬಹುದು. ಇದೇ ಕಾಯಿಲೆ ಅಂತಲ್ಲ. ಎಕ್ಸ್‌ರೇ ಆಗಲಿ, ಡಾಕ್ಟರ್ ಹೇಳ್ತಾರೆ. ಇವತ್ತೇ ತೋರಿಸಿ ಹೋಗಿ ಅಕ್ಕಾ."

ಆಕೆ ರಿಪೋರ್ಟನ್ನು ಮಡಚಿ ಸೊಂಟದ ಚೀಲಕ್ಕೆ ಹಾಕಿಕೊಂಡರು. ಹುಡುಗ ಪೆನ್ನಿನ ಗೆರೆಗಳನ್ನೇ ನೋಡುತ್ತಾ ನಿಂತಿದ್ದ. "ಈಗ ತುರಿಸಬಹುದಾ?" ಅಂತ ಕೇಳಿದ.