70ಕ್ಕೆ ಬಂದರೆ ನಡುಗುತ್ತಿದ್ದ ಕಾರು

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೊರಟಿದ್ದೆವು. ಓಡಿಸುತ್ತಿದ್ದವಳು ನನ್ನ ಹೆಂಡತಿ. ಶಾಂತಿಗ್ರಾಮದ ಟೋಲ್ ದಾಟಿ ಸ್ವಲ್ಪ ದೂರ ಬಂದಿದ್ದೆವು. "ರೀ, ಹಿಂದೆ ಬರ್ತಿರೋದು ಒಂದು ಲಾರಿನಾ, ಎರಡಾ?" ಅಂದಳು. ತಿರುಗಿ ನೋಡಿದೆ. ಒಂದೇ ಲಾರಿ. ಕನ್ನಡಿ ಅಷ್ಟು ಅದುರುತ್ತಿತ್ತು.

ನಮ್ಮದು 1998ರ ಮಾರುತಿ 800. ಕಾರ್ಬುರೇಟರ್ ಗಾಡಿ, ನಾಲ್ಕು ಗೇರ್. ಸ್ಪೀಡು 68 ಮುಟ್ಟಿದರೆ ಗೇರ್ ಲಿವರ್ ಝುಂ ಅನ್ನುತ್ತಿತ್ತು. 72ಕ್ಕೆ ಡ್ಯಾಶ್‌ಬೋರ್ಡ್ ಪೂರ್ತಿ ಗುಂಯ್‌ಗುಟ್ಟುತ್ತಿತ್ತು. 80 ದಾಟಿದರೆ ಏನೂ ತಿಳಿಯದ ಮಗುವಿನ ಹಾಗೆ ತೆಪ್ಪಗಾಗುತ್ತಿತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮೊದಲು ಮಾಡಿದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಆಯಿತು. ಮುಂದಿನ ಒಂದು ಚಕ್ರದಲ್ಲಿ ತೂಕ ಸರಿದೂಗಿಸುವ ಸೀಸದ ತುಂಡು ಬಿದ್ದುಹೋಗಿತ್ತು, ಹೊಸದು ಹೊಡೆದರು. "ಇನ್ನು ಬೆಣ್ಣೆ ಥರ ಹೋಗುತ್ತೆ ಸಾರ್" ಅಂದ ಹುಡುಗ. ಮನೆಗೆ ಬರುವ ದಾರಿಯಲ್ಲೇ ಗೊತ್ತಾಯಿತು, 70ಕ್ಕೆ ಅದೇ ಹಾಡು. ದುಡ್ಡು ಕೊಟ್ಟ ಮೇಲೆ ನೆನಪಾಯಿತು, ಮುಂದಿನ ಚಕ್ರದ ತೊಂದರೆ ಇದ್ದಿದ್ದರೆ ಸ್ಟೀರಿಂಗ್ ಅಲ್ಲಾಡಬೇಕಿತ್ತು ಅಲ್ವಾ? ನಮ್ಮದರಲ್ಲಿ ಸ್ಟೀರಿಂಗ್ ಹೆಚ್ಚುಕಮ್ಮಿ ಸುಮ್ಮನಿತ್ತು. ನಡುಗುತ್ತಿದ್ದದ್ದು ಲಿವರ್, ಕನ್ನಡಿ, ಕಾಲಡಿಯ ತಗಡು.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ 6 ಗಂಟೆಗೆ, ರಸ್ತೆ ಖಾಲಿ ಇರುವಾಗ ಹೋದೆ. 72ರಲ್ಲಿ ಅದುರುವಾಗ ಕ್ಲಚ್ ಒತ್ತಿ ಆಕ್ಸಿಲರೇಟರ್ ಬಿಟ್ಟೆ. ಕಾರು ಅದೇ ಸ್ಪೀಡಿನಲ್ಲಿ ಉರುಳುತ್ತಿತ್ತು, ಅದುರಾಟ ಮಾತ್ರ ಪಟ್ಟನೆ ನಿಂತಿತು. ಅಲ್ಲಿಗೆ ಚಕ್ರ, ಟೈರು, ಡ್ರಮ್ಮು ಎಲ್ಲ ಬಚಾವ್. ಇನ್ನೊಂದು ಸಲ ಮೂರನೇ ಗೇರಿನಲ್ಲಿ ಓಡಿಸಿದೆ. ಈಗ ಅದುರಾಟ 50 ಮುಟ್ಟುವ ಮೊದಲೇ ಬಂತು. ಅಂದರೆ ಅದು ಕಾರಿನ ಸ್ಪೀಡನ್ನು ನೋಡುತ್ತಿಲ್ಲ, ಎಂಜಿನ್ ತಿರುಗುವ ಸ್ಪೀಡನ್ನು ನೋಡುತ್ತಿದೆ. ಚಕ್ರ ತಿರುಗಿಸುವ ಎಕ್ಸೆಲ್ಲಿನ ಜಾಯಿಂಟ್ ಇರಬಹುದಾ ಅಂತ ಒಂದು ಅನುಮಾನ ಇತ್ತು. ಮನೆ ಮುಂದೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಮೆಲ್ಲಗೆ ರೇಸ್ ಕೊಟ್ಟೆ. ಒಂದು ಹಂತದಲ್ಲಿ ಅದೇ ಝುಂ, ಸ್ವಲ್ಪ ಕಡಿಮೆ ಜೋರಿನಲ್ಲಿ. ನಿಂತ ಕಾರಿನಲ್ಲಿ ಎಕ್ಸೆಲ್ ತಿರುಗುವುದೇ ಇಲ್ಲ. ಅದೂ ಬಚಾವ್.

ಈ ಗಾಡಿಯಲ್ಲಿ ಎಂಜಿನ್ ಸುತ್ತು ತೋರಿಸುವ ಆರ್‌ಪಿಎಂ ಮೀಟರ್ ಇಲ್ಲ. ಹಾಗಾಗಿ ಫೋನಿನಲ್ಲಿ ಅದುರಾಟ ಅಳೆಯುವ ಒಂದು ಆ್ಯಪ್ ಹಾಕಿಕೊಂಡೆ. ಫೋನನ್ನು ಗೇರ್ ಲಿವರ್ ಪಕ್ಕ ನೆಲಕ್ಕೆ ಟೇಪಿನಿಂದ ಅಂಟಿಸಿದೆ, ಓಡಿಸುವ ಕೆಲಸ ಹೆಂಡತಿಗೆ. ಆ್ಯಪಿನ ಗ್ರಾಫಿನಲ್ಲಿ ಸೆಕೆಂಡಿಗೆ 48 ಸಲದ ಹತ್ತಿರ ಒಂದು ಗೆರೆ ಎದ್ದು ನಿಂತಿತು. ಲೆಕ್ಕ ಹಾಕಿದೆ. ನಮ್ಮ 145/70 ಆರ್12 ಟೈರಿನ ಸುತ್ತಳತೆ ಸುಮಾರು 1.6 ಮೀಟರ್. 70 ಕಿ.ಮೀ. ಅಂದರೆ ಸೆಕೆಂಡಿಗೆ 19.4 ಮೀಟರ್. ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ಹಾಕುತ್ತದೆ. ಟಾಪ್ ಗೇರಿನಲ್ಲಿ ಎಂಜಿನ್ ಅದರ ಸುಮಾರು ನಾಲ್ಕು ಪಟ್ಟು ತಿರುಗುತ್ತದೆ. 48 ಸರಿಹೋಯಿತು! ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಒಂದು ಸುತ್ತಿಗೆ ಒಂದು ಏಟು.

ಈ ಲೆಕ್ಕದಿಂದ ಇನ್ನೊಂದು ಲಾಭವಾಯಿತು. ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಎರಡು ಸುತ್ತಿಗೊಮ್ಮೆ ತಪ್ಪಬೇಕು. ಅಂದರೆ 24ರ ಹತ್ತಿರ ಗೆರೆ ಏಳಬೇಕು. ಅಲ್ಲಿ ಏನೂ ಇರಲಿಲ್ಲ. ಪ್ಲಗ್ಗು, ಡೆಲ್ಕೋ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ), ಕಾರ್ಬುರೇಟರ್ ಬಿಚ್ಚುವ ಕೆಲಸ ತಪ್ಪಿತು. (ಯಾವ ಸಿಲಿಂಡರ್ ಮಿಸ್ಸಿಂಗ್ ಅಂತ ಹುಡುಕಲು ಪ್ಲಗ್ ವೈರ್ ಒಂದೊಂದಾಗಿ ಎಳೆದು ನೋಡುವವರು ಇದ್ದಾರೆ. ಹೊಸ ಗಾಡಿಗಳಲ್ಲಿ ಅದನ್ನು ಮಾಡಬೇಡಿ, ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.)

ಮೂರು ಸಿಲಿಂಡರಿನ ಎಂಜಿನ್ ಹುಟ್ಟಿನಿಂದಲೇ ತೂಗುತ್ತದೆ. ಒಂದು ತುದಿ ಏಳುವಾಗ ಇನ್ನೊಂದು ತುದಿ ಇಳಿಯುತ್ತದೆ, ಸುತ್ತಿಗೊಂದು ಸಲ. ಆ ತೂಗಾಟವನ್ನು ನುಂಗಬೇಕಾದದ್ದು ಎಂಜಿನ್ ಕೂತಿರುವ ರಬ್ಬರ್. ಗ್ಯಾರೇಜಿನವರು ಅದನ್ನು ಫೌಂಡೇಶನ್ ಅನ್ನುತ್ತಾರೆ. ಇಷ್ಟು ವರ್ಷದ ರಬ್ಬರಿನಿಂದ ಏನು ನಿರೀಕ್ಷಿಸುತ್ತೀರಿ?

ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಹೆಂಡತಿಗೆ ಬ್ರೇಕ್ ಒತ್ತಿಕೊಂಡೇ ಒಂದನೇ ಗೇರಿನಲ್ಲಿ ಕ್ಲಚ್ ಸ್ವಲ್ಪವೇ ಬಿಡಲು ಹೇಳಿದೆ. ನಾನು ಪಕ್ಕದಲ್ಲಿ ನಿಂತಿದ್ದೆ. ಕಾರಿನ ಎದುರಿಗಾಗಲಿ ಹಿಂದಾಗಲಿ ಯಾರೂ ನಿಲ್ಲಬಾರದು. ಎಂಜಿನ್ ಎಮ್ಮೆ ಮೈ ಮುರಿದ ಹಾಗೆ ಒಂದು ಕಡೆ ಎದ್ದಿತು. ರಿವರ್ಸಿಗೆ ಹಾಕಿದಾಗ ಇನ್ನೊಂದು ಕಡೆ. ಟಾರ್ಚ್ ಹಿಡಿದರೆ ಒಂದು ಫೌಂಡೇಶನ್ನಿನ ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡಿದೆ. ಬಿರುಕಿನಲ್ಲಿ ನಾಣ್ಯ ತೂರುವಷ್ಟು ಜಾಗ.

ಗ್ಯಾರೇಜಿನಲ್ಲಿ ಹೊಸದು ಹಾಕಿಸಿದೆ. ಐಡಲಿಂಗ್ ಚಿನ್ನದಂತಾಯಿತು. ಆದರೆ 70ರಲ್ಲಿ ಅದುರಾಟ ಅರ್ಧ ಮಾತ್ರ ಕಡಿಮೆ. ನಿಜ ಹೇಳಬೇಕೆಂದರೆ, ಆ ದಿನ ಗಾಡಿ ಮಾರಿಬಿಡೋಣ ಅನ್ನಿಸಿತ್ತು.

ಎಂಜಿನ್‌ನಿಂದ ಬಾಡಿಯ ತಗಡಿಗೆ ನಡುಕ ಹೋಗಲು ಇನ್ಯಾವ ದಾರಿ ಇದೆ ಅಂತ ಯೋಚಿಸಿದೆ. ಸೈಲೆನ್ಸರ್! ಗಾಡಿ ಪೂರ್ತಿ ತಣ್ಣಗಾದ ಮೇಲೆ ಜಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು ಕೆಳಗೆ ಮಲಗಿದೆ. ಬರೀ ಜಾಕಿ ನಂಬಿ ಯಾರೂ ಕೆಳಗೆ ಹೋಗಬೇಡಿ. ಪೈಪನ್ನು ತೂಗುಹಾಕುವ ಒಂದು ರಬ್ಬರ್ ಇರಬೇಕಾದ ಕಡೆ ಕಟ್ಟಡದವರ ಬೈಂಡಿಂಗ್ ವೈರ್ ಇತ್ತು. ಮೂರು ಸುತ್ತು ಸುತ್ತಿ ಬಿಗಿಯಾಗಿ ಮುರಿ ಹಾಕಿದ್ದಾರೆ. ಹಿಂದೊಮ್ಮೆ ಯಾವುದೋ ಊರಿನ ರಸ್ತೆಬದಿಯಲ್ಲಿ ಸೈಲೆನ್ಸರ್ ವೆಲ್ಡ್ ಮಾಡಿಸಿದ್ದೆ, ಅಲ್ಲಿಯ ಪ್ರಸಾದ. ವೈರ್ ಎಳೆದದ್ದರಿಂದ ಪೈಪ್ ಮೇಲೆ ಹೋಗಿ ಬಾಡಿಯ ತಗಡಿಗೆ ತಾಗುತ್ತಿತ್ತು. ತಾಗಿದ ಜಾಗದಲ್ಲಿ ಹೆಬ್ಬೆರಳಷ್ಟು ಅಗಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಸುತ್ತಲೂ ಕೆಸರು, ತುಕ್ಕು. ಅದೊಂದೇ ಜಾಗ ಉಜ್ಜಿ ಉಜ್ಜಿ ಪಾಲಿಶ್ ಆಗಿದೆ.

ರಬ್ಬರ್ ಸಿಗುವುದು ಕಷ್ಟವಾಗಲಿಲ್ಲ. ಅದರ ಬೆಲೆಗಿಂತ ನಾನು ಅಂಗಡಿಗೆ ಹೋಗಿ ಬಂದ ಪೆಟ್ರೋಲೇ ಜಾಸ್ತಿ ಇರಬೇಕು. ವೈರ್ ಕತ್ತರಿಸಿದ ಕೂಡಲೇ ಪೈಪ್ ಎರಡು ಬೆರಳು ಕೆಳಗಿಳಿಯಿತು. ಇನ್ನೊಂದು ಕೆಲಸವನ್ನೂ ಜೊತೆಗೇ ಮಾಡಿದೆ. ಫೌಂಡೇಶನ್ ಬೋಲ್ಟುಗಳನ್ನು ಬಿಚ್ಚದೆ, ಸ್ವಲ್ಪ ಸಡಿಲ ಮಾಡಿ, ಎಂಜಿನ್ ಒಂದು ನಿಮಿಷ ಐಡಲಿಂಗ್‌ನಲ್ಲಿ ಬಿಟ್ಟೆ. ಅದು ತನ್ನ ಜಾಗ ತಾನೇ ಹುಡುಕಿಕೊಂಡು ಕೂರುತ್ತದೆ. ಆಮೇಲೆ ಆಫ್ ಮಾಡಿ ಬಿಗಿ ಮಾಡಿದೆ. ಹೊಸ ರಬ್ಬರನ್ನು ಸೆಳೆತದಲ್ಲೇ ಬಿಗಿದರೆ ಅದೂ ಕಬ್ಬಿಣದ ಹಾಗೇ ವರ್ತಿಸುತ್ತದೆ. ಗ್ಯಾರೇಜಿನಲ್ಲಿ ಅವಸರಕ್ಕೆ ಇದನ್ನು ಬಿಟ್ಟಿದ್ದರು.

ಮತ್ತೆ ಅದೇ ರಸ್ತೆ, ಅದೇ ಫೋನ್, ಅದೇ ಟೇಪು. 48ರ ಗೆರೆ ಇತ್ತು, ಆದರೆ ಹುಡುಕಬೇಕಿತ್ತು. ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಓದಬಹುದಿತ್ತು, ಉಲ್ಟಾ ಆದರೂ. ಮುಂಚೆ ಆ ಗುಂಯ್ ಸದ್ದಿನಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ಸದ್ದು ಈಗ ಕೇಳಿಸತೊಡಗಿದೆ, ಗ್ಲೋವ್ ಬಾಕ್ಸಿನ ಬಾಗಿಲಿನ ಟಕಟಕ. ಸದ್ಯಕ್ಕೆ ಅದಕ್ಕೊಂದು ಬಸ್ ಟಿಕೆಟ್ ಮಡಚಿ ಸಿಕ್ಕಿಸಿದ್ದೇನೆ.